ಸೀಮೆಎಣ್ಣೆ ವಾಸನೆಯ ಬ್ರೆಡ್ಡು

ಅಪ್ಪನನ್ನು ಶೂಟಿಂಗ್ ನೋಡಲು ಕರೆತಂದವಳು ಮಗಳೇ. ಮುಚ್ಚಿಹೋದ ಗೋಣಿಚೀಲದ ಕಾರ್ಖಾನೆಯೊಂದರ ಗೋದಾಮಿನಲ್ಲಿ ಯುದ್ಧಕೈದಿಗಳ ಶಿಬಿರದ ಸೆಟ್ಟು ಹಾಕಿದ್ದರು. ಅವಳು ಆ ಚಿತ್ರದ ಉಡುಪಿನ ವಿಭಾಗ ನೋಡಿಕೊಳ್ಳುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಹೊಲಿಗೆಯಕ್ಕ.

ಚಿತ್ರ ನಗೆಯದು. ಐದು ಜನ ಚಾಲಾಕಿ ಕೈದಿಗಳು, ಒಬ್ಬ ಪೆದ್ದ ಕಾವಲು ಅಧಿಕಾರಿ. ಕೈದಿಗಳು ನಾಟಕ ಆಡುವ ನೆಪ ಮಾಡಿ, ಹೆಂಗಸರ ಲಂಗ ತೊಟ್ಟು, ಅಧಿಕಾರಿಯ ಕಣ್ಣೆದುರೇ ಗೇಟು ದಾಟಿ ಪರಾರಿಯಾಗುವ ಕಥೆ. ಕಂಬದಂಥ ಗಂಡಸರ ಸೊಂಟಕ್ಕೆ ಟೇಪು ಸುತ್ತಿ ಲಂಗದ ಅಳತೆ ತೆಗೆಯುವಾಗ ಹೊಲಿಗೆಯಕ್ಕನೂ ಬಿದ್ದು ಬಿದ್ದು ನಕ್ಕಿದ್ದಳು.

ಅಪ್ಪ ಯುದ್ಧದಲ್ಲಿ ಲಾರಿ ಓಡಿಸುತ್ತಿದ್ದವನು. ಸೆರೆಸಿಕ್ಕು ಎರಡು ಚಳಿಗಾಲ ಶತ್ರುಗಳ ಶಿಬಿರದಲ್ಲಿ ಕಳೆದವನು. ಬಿಡುಗಡೆಯಾಗಿ ಬಂದ ಮೇಲೆ ಮದುವೆಯಾಗಿ, ನಿವೃತ್ತನಾಗುವವರೆಗೂ ನಗರದ ಬಸ್ಸು ಓಡಿಸಿದ. ಇಷ್ಟು ಬಿಟ್ಟರೆ ಮನೆಯವರಿಗೆ ಬೇರೇನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವನ ಸಿಟ್ಟು. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದಾದರೆ ಅಮ್ಮ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಒಮ್ಮೆ ಅಣ್ಣ ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯಲ್ಲಿ ಬಿಟ್ಟಿದ್ದಕ್ಕೆ ಅಪ್ಪ ಕೊಟ್ಟ ಏಟಿಗೆ ಹುಡುಗ ಕುರ್ಚಿಯ ಸಮೇತ ಉರುಳಿದ್ದ. ಯಾಕೆ, ಏನು ಎಂಬ ಮಾತಿಲ್ಲ. "ಅವರು ಹಾಗೇ ಕಣೋ" ಎಂದಷ್ಟೇ ಹೇಳಿ ಅಮ್ಮ ಅಣ್ಣನ ಕಿವಿಗೆ ತಣ್ಣೀರಿನ ಬಟ್ಟೆ ಒತ್ತಿದ್ದಳು. ಅಣ್ಣ ದೊಡ್ಡವನಾಗಿ ಮನೆ ಬಿಟ್ಟ. ಅಮ್ಮ ಹೋದ ವರ್ಷ ತೀರಿಕೊಂಡಳು. ಈಗ ಅಪ್ಪ ಮಗಳ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬೀದಿಯಲ್ಲಿ ಹೋಗುವ ಬಸ್ಸುಗಳ ಚಾಲಕರನ್ನು ಬಯ್ಯುತ್ತಿದ್ದ.

ಅವನು ಯುದ್ಧಕೈದಿಯಾಗಿದ್ದ ಸಂಗತಿ ಹೇಗೋ ನಿರ್ದೇಶಕನ ಕಿವಿಗೆ ಬಿತ್ತು. ಅವನಿನ್ನೂ ಎಳೆಯ ವಯಸ್ಸಿನವ, ಮಾತಿನಲ್ಲಿ ಮೃದು. "ಕರ್ಕೊಂಡು ಬನ್ನಿ ಅಕ್ಕ. ಅವರು ನೋಡಿ ಒಂದ್ಸಲ ನಕ್ಕುಬಿಟ್ರೆ ನನ್ನ ಸಿನಿಮಾ ಗೆದ್ದ ಹಾಗೆ" ಎಂದ. ಹೊಲಿಗೆಯಕ್ಕ ಒಪ್ಪಿದಳು. ಅಪ್ಪ ನಕ್ಕಾನೆಂಬ ಆಸೆಯೇನೂ ಅವಳಿಗಿರಲಿಲ್ಲ. ಸಿಡುಕುವುದಿದ್ದರೆ ಒಂದು ದಿನ ಬೇರೆಯವರ ಮೇಲೆ ಸಿಡುಕಲಿ, ಅವರಿಗೂ ಗೊತ್ತಾಗಲಿ ಎಂದುಕೊಂಡಳು.

ಅಂದು ಕೈದಿಗಳ ಊಟದ ಕೋಣೆಯ ದೃಶ್ಯ. ಹಿಂಬದಿಯಲ್ಲಿ ಕೈದಿಗಳಾಗಿ ನಿಲ್ಲಲು ದಿನಗೂಲಿಗೆ ಬಂದವರು ಹೊತ್ತು ಮೂಡುವ ಮೊದಲೇ ಬಂದಿದ್ದರು. ಅವರ ಅಂಗಿಗಳನ್ನು ಅಲ್ಲಲ್ಲಿ ಹರಿದು, ಚಹಾದ ನೀರಿನಲ್ಲಿ ಅದ್ದಿ, ಬೂದಿ ಉಜ್ಜಿ ಹಳೆಯದಾಗಿಸಿದವಳು ಅವಳೇ. ಬೇಕರಿಯಿಂದ ಬುಟ್ಟಿಗಟ್ಟಲೆ ಬಿಸಿ ಬ್ರೆಡ್ಡು ಬಂದಿಳಿದು, ಗೋದಾಮಿಗೆ ಗೋದಾಮೇ ಘಮಘಮಿಸುತ್ತಿತ್ತು. ಆಗ ಶೂಟಿಂಗಿನ ಮ್ಯಾನೇಜರು ಇಸ್ತ್ರಿಯ ಕೋಣೆಗೆ ಬಂದ.

"ಅಕ್ಕ, ಬಟ್ಟೆಗೆ ನೀರು ಚಿಮುಕಿಸ್ತೀರಲ್ಲ, ಆ ಬಾಟ್ಲಿ ಸ್ವಲ್ಪ ಕೊಡಿ."

"ಯಾಕೆ?"

"ಬ್ರೆಡ್ಡಿಗೆ ಸೀಮೆಎಣ್ಣೆ ಹೊಡೀಬೇಕು. ಹೋದ ಸಲ ಶಾಟ್ ಶುರುವಾಗೋ ಮುಂಚೆನೇ ಅರ್ಧ ಬುಟ್ಟಿ ಖಾಲಿ ಮಾಡಿದ್ರು ಈ ಮಂದಿ."

ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಮೂಲೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಅವನು ಬಾಟ್ಲಿ ತೆಗೆದುಕೊಂಡು ಹೋದ.

ಅಪ್ಪ ಕೋಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಕ್ಯಾಮೆರಾದ ಹಿಂದಿನ ಕುರ್ಚಿಯಲ್ಲಿ ಕೂತಿದ್ದ. ಪೆದ್ದ ಅಧಿಕಾರಿ ಬಕೆಟ್ಟಿಗೆ ಎಡವಿ ಬಿದ್ದ. ಎಲ್ಲರೂ ನಕ್ಕರು, ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಆಮೇಲೆ ನಾಯಕ ಊಟದ ಮೇಜು ಹತ್ತಿ, ಇಡೀ ಬ್ರೆಡ್ಡೊಂದನ್ನು ಬೀಸಿ ಅಧಿಕಾರಿಯ ಮೂತಿಗೆ ಹೊಡೆದ. ಅದನ್ನೇ ಕಾಯುತ್ತಿದ್ದಂತೆ ಎಲ್ಲ ಕೈದಿಗಳೂ ಎರಚಾಡತೊಡಗಿದರು. ಬ್ರೆಡ್ಡು ಗಾಳಿಯಲ್ಲಿ ಹಾರಿತು, ಗೋಡೆಗೆ ಬಡಿಯಿತು, ಬೂಟುಗಳ ಕೆಳಗೆ ಸಿಕ್ಕಿ ಹಿಟ್ಟಾಯಿತು. ನಿರ್ದೇಶಕ ಚಪ್ಪಾಳೆ ತಟ್ಟಿ, "ಸೂಪರ್! ಇನ್ನೊಂದ್ಸಲ!" ಎಂದ.

ಎರಡನೆಯ ಸಲ ಬ್ರೆಡ್ಡು ಹಾರುವಾಗ ಅಪ್ಪ ಎದ್ದ. ದೀಪಗಳ ಬೆಳಕಿನೊಳಕ್ಕೆ ನೇರ ನಡೆದು ಹೋಗಿ ಮೊಣಕಾಲೂರಿ, ನೆಲದ ಮೇಲಿನ ತುಂಡುಗಳನ್ನು ಆರಿಸಿ ಕೋಟಿನ ಮಡಿಲಿಗೆ ಹಾಕಿಕೊಳ್ಳತೊಡಗಿದ. ಕ್ಯಾಮೆರಾ ನಿಂತಿತು. ಅವನು ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದು ತಲೆ ಎತ್ತಿದ.

"ಏನು ಹಾಕಿದ್ದೀರ ಇದಕ್ಕೆ?"

"ಸೀಮೆಎಣ್ಣೆ ಯಜಮಾನ್ರೇ" ಎಂದ ಮ್ಯಾನೇಜರು. "ಈ ಕಡೆ ಬನ್ನಿ. ಅದು ತಿನ್ನೋಕಲ್ಲ."

"ಬ್ರೆಡ್ಡು ತಿನ್ನೋಕಲ್ದೆ ಇನ್ಯಾತಕ್ಕಯ್ಯಾ?"

"ಇವರು ತಿಂದ್ಬಿಡ್ತಾರೆ ಅಂತ..."

"ಯಾಕೆ ತಿಂತಾರೆ?"

ಹಿಂದಿನ ಸಾಲಿನಿಂದ ಬೊಕ್ಕುಬಾಯಿಯ ಒಬ್ಬ ಕೂಗಿದ: "ಹಸಿವಾಗಿದೆ, ಅದಕ್ಕೆ! ಬೆಳಗ್ಗೆಯಿಂದ ಬರೀ ಚಹಾ ಕುಡ್ಸಿ ನಿಲ್ಸಿದ್ದಾರೆ. ಶಾಟ್ ಮುಗಿದ ಮೇಲೆ ಊಟವಂತೆ."

ನಿರ್ದೇಶಕ ಅಪ್ಪನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. "ಯಜಮಾನ್ರೇ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಇದು ಕಾಮಿಡಿ. ಎಂಥಾ ಕಷ್ಟದಲ್ಲೂ ಮನುಷ್ಯ ನಗ್ತಾನೆ ಅಂತ ತೋರಿಸ್ತಿದ್ದೀನಿ."

"ನಗಲಿಲ್ಲ ಅಂತ ಯಾವನು ಹೇಳ್ದ ನಿನಗೆ?" ಅಪ್ಪನ ದನಿ ತಗಡಿನ ಮಾಡಿಗೆ ಬಡಿದು ಮರಳಿತು. "ನಕ್ಕಿದ್ದೀವಿ ಕಣಯ್ಯಾ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದೀವಿ. ಕಾವಲಿನವನ ಮೀಸೆ ನೋಡಿ ನಕ್ಕಿದ್ದೀವಿ, ನಮ್ಮದೇ ಹರಕು ಚಡ್ಡಿ ನೋಡಿ ನಕ್ಕಿದ್ದೀವಿ. ಬ್ರೆಡ್ಡಿನ ವಿಷಯದಲ್ಲಿ ಮಾತ್ರ ಒಬ್ಬನೂ ನಗಲಿಲ್ಲ. ಒಂದು ಬ್ರೆಡ್ಡು ಎಂಟು ಜನಕ್ಕೆ. ಒಬ್ಬ ಕುಯ್ಯೋನು, ಇನ್ನೊಬ್ಬ ಬೆನ್ನು ತಿರುಗಿಸ್ಕೊಂಡು ನಿಲ್ಲೋನು. 'ಇದು ಯಾರಿಗೆ?' ಅಂತ ಕುಯ್ದೋನು ಕೇಳ್ಬೇಕು, ಬೆನ್ನು ತಿರುಗಿಸಿದೋನು ನೋಡ್ದೇನೆ ಹೆಸರು ಹೇಳ್ಬೇಕು. ಆಗ್ಲೇ ಜಗಳ ಇರೋದಿಲ್ಲ. ಕೆಳಗೆ ಬಿದ್ದ ಪುಡಿಗೂ ಸರದಿ ಇತ್ತು. ಆ ಪುಡಿಗೋಸ್ಕರ ನಾಳೆವರೆಗೂ ಬದುಕಿರೋಣ ಅಂತ ಮಲಗ್ತಿದ್ರು ಜನ!"

ಯಾರೋ ಒಬ್ಬಳು ಕಣ್ಣೊರೆಸಿಕೊಂಡಳು. ಹೊಲಿಗೆಯಕ್ಕನಿಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಒಂದೇ ಸೂರಿನ ಕೆಳಗೆ ಹುಟ್ಟಿ ಬೆಳೆದವಳಿಗೆ ಹೇಳದ ಮಾತು ಇದು. ಹೆಂಡತಿ ಸಾಯುವವರೆಗೂ ಅವಳಿಗೆ ಹೇಳದ ಮಾತು. ಈಗ ಗುರುತು ಪರಿಚಯವಿಲ್ಲದವರ ಮುಂದೆ, ಬಣ್ಣ ಬಳಿದುಕೊಂಡ ನಟರ ಮುಂದೆ ನೀರಿನಂತೆ ಹರಿಯುತ್ತಿದೆ!

ಅಷ್ಟರಲ್ಲಿ ಅಪ್ಪ ಕೈಯಲ್ಲಿದ್ದ ತುಂಡನ್ನು ಬಾಯಿಗಿಟ್ಟು ಜಗಿಯತೊಡಗಿದ.

ಅವಳು ಓಡಿದಳು. "ಉಗುಳು! ಅಪ್ಪ, ಉಗುಳು ಅಂದೆ!" ಎನ್ನುತ್ತ ಅವನ ದವಡೆ ಅಮುಕಿ ಹಿಡಿದು, ಕೈಯಲ್ಲಿದ್ದ ಉಳಿದ ತುಂಡನ್ನು ಹೊಡೆದು ಕೆಡವಿದಳು. ಬಿದ್ದ ಬ್ರೆಡ್ಡನ್ನು ನೋಡಿದ ಅಪ್ಪನ ಕೈ ಅವಳ ಕೆನ್ನೆಯ ಎತ್ತರಕ್ಕೆ ಎದ್ದಿತು. ಅವಳು ಜಗ್ಗಲಿಲ್ಲ.

"ಹೊಡಿ. ಅಣ್ಣನಿಗೆ ಹೊಡೆದ ಹಾಗೇ ಹೊಡಿ. ಇವರೆಲ್ಲ ನಿನಗೋಸ್ಕರ ಮರುಗ್ತಿದ್ದಾರಲ್ಲ, ಇದನ್ನೂ ನೋಡ್ಲಿ."

ಕೈ ಕೆಳಗಿಳಿಯಿತು. ಅಪ್ಪ ಕರವಸ್ತ್ರ ತೆಗೆದು ಅದರೊಳಕ್ಕೆ ಉಗುಳಿದ.

"ಅಕ್ಕಾ, ದಮ್ಮಯ್ಯ, ನಿಮ್ಮಪ್ಪನ್ನ ಹೊರಗೆ ಕರ್ಕೊಂಡು ಹೋಗಿ" ಎಂದ ಮ್ಯಾನೇಜರು. "ಈ ಶಾಟ್ ಮುಗೀದೆ ನಾನು ಯಾರಿಗೂ ಊಟ ಬಡಿಸಲ್ಲ."

ಅವಳು ಅವನ ಕಡೆ ತಿರುಗಿದಳು. ಗೋದಾಮಿನ ಆ ತುದಿಯಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ನಟರಿಗೂ ನಿರ್ದೇಶಕನ ತಂಡಕ್ಕೂ ಊಟ ಆಗಲೇ ಬಂದು ಕೂತಿತ್ತು. ಪಾತ್ರೆಗಳಿಂದ ಹಬೆ ಏಳುತ್ತಿತ್ತು. ಇತ್ತ ಬ್ರೆಡ್ಡಿನ ಬುಟ್ಟಿಯ ಪಕ್ಕದಲ್ಲಿ, ಇನ್ನೂ ಸೀಮೆಎಣ್ಣೆ ಉಳಿದಿದ್ದ ಅವಳ ಬಾಟ್ಲಿ. ಅದನ್ನು ಎತ್ತಿಕೊಂಡು, ಯಾರಾದರೂ ತಡೆಯುವ ಮೊದಲೇ ಬಿರಬಿರನೆ ನಡೆದು, ಮುಚ್ಚಳಗಳನ್ನು ತೆಗೆದು ತೆಗೆದು ಚಿಮುಕಿಸಿದಳು. ಅಂಗಿಯ ಕಾಲರಿಗೆ ನೀರು ಹೊಡೆದಷ್ಟೇ ಅಚ್ಚುಕಟ್ಟಾಗಿ ಸಾರಿಗೆ, ಮಾಂಸಕ್ಕೆ, ಹಣ್ಣಿಗೆ, ನಾಯಕನಿಗೆಂದು ಬೇರೆ ಇಟ್ಟಿದ್ದ ಬೇಯಿಸಿದ ಮೀನಿಗೆ.

"ನಿಮ್ಮ ಶಾಟ್ ಮುಗೀಲಿ" ಎಂದಳು. "ಅಲ್ಲೀವರೆಗೂ ಯಾರೂ ತಿಂದ್ಬಿಡಬಾರದು ನೋಡಿ."

ಮೊದಲು ಬೊಕ್ಕುಬಾಯಿಯವನು ಕಿಸಕ್ಕೆಂದ. ಆ ನಗೆ ಹರಕು ಅಂಗಿಗಳ ಸಾಲುಸಾಲಿಗೂ ಹಬ್ಬಿತು. ಲಂಗ ತೊಟ್ಟಿದ್ದ ನಟನೊಬ್ಬ ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದ. ನಕ್ಕು ಮುಗಿಸಿದ ದಿನಗೂಲಿಯವರು ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಊಟ ಬರುವವರೆಗೂ ಏಳುವುದಿಲ್ಲ ಎಂದರು. ಮ್ಯಾನೇಜರು ಕಿರುಚಿದ, ಕೈಮುಗಿದ, ಕೊನೆಗೆ ಹೋಟೆಲಿನಿಂದ ಊಟ ತರಲು ವ್ಯಾನು ಕಳಿಸಿದ. ಅಂದು ಮಧ್ಯಾಹ್ನ ನಾಯಕನೂ ಬೊಕ್ಕುಬಾಯಿಯವನೂ ಒಂದೇ ಹೋಟೆಲಿನ ಒಂದೇ ಥರದ ಪೊಟ್ಟಣ ಬಿಚ್ಚಿದರಂತೆ. ಅದನ್ನು ನೋಡಲು ಹೊಲಿಗೆಯಕ್ಕ ಅಲ್ಲಿರಲಿಲ್ಲ. ಕತ್ತರಿ, ಟೇಪು ಚೀಲಕ್ಕೆ ಹಾಕಿಕೊಂಡು, ನಾಳೆಯಿಂದ ಬರಬೇಡ ಎನ್ನಿಸಿಕೊಂಡು, ಅಪ್ಪನ ತೋಳು ಹಿಡಿದು ಬಸ್ಸು ಹತ್ತಿದ್ದಳು.

"ಕೆಲಸ ಹೋಯ್ತಲ್ಲೇ" ಎಂದ ಅಪ್ಪ.

"ಹೋಗ್ಲಿ. ಅಮ್ಮನಿಗೆ ಯಾಕೆ ಹೇಳಲಿಲ್ಲ ನೀನು?"

"ಅವಳು ಕೇಳಲಿಲ್ಲ."

"ಕೇಳೋ ಹಾಗೆ ಇಟ್ಟಿದ್ದೀಯಾ ಯಾರನ್ನಾದ್ರೂ? ನೀನು ಕೆಮ್ಮಿದ್ರೆ ಸಾಕು, ನಾವು ಮಂಚದ ಕೆಳಗೆ ಹೋಗ್ತಿದ್ವಿ. ಅಣ್ಣನಿಗೆ ಇವತ್ತಿಗೂ ಗೊತ್ತಿಲ್ಲ ಯಾಕೆ ಏಟು ಬಿತ್ತು ಅಂತ. ಫೋನ್ ಮಾಡಿ ಹೇಳು."

"ಹೇಳಿದ್ರೆ ಬಿದ್ದ ಏಟು ವಾಪಸ್ ಬರುತ್ತಾ?"

"ಬರಲ್ಲ. ಆದ್ರೂ ಹೇಳು."

ಅಪ್ಪ ಹಲವು ದಿನ ಫೋನಿನ ಸುತ್ತ ಸುಳಿದಾಡಿದ. ಕೊನೆಗೊಂದು ಭಾನುವಾರ ಮಾಡಿದ. ಎಂಟು ಜನ, ಒಂದು ಬ್ರೆಡ್ಡು, ಬೆನ್ನು ತಿರುಗಿಸಿದವನು, ಎಲ್ಲವನ್ನೂ ತಡವರಿಸಿ ತಡವರಿಸಿ ಹೇಳಿದ. ಅಣ್ಣ ಕೊನೆಯವರೆಗೂ ಕೇಳಿಸಿಕೊಂಡು, "ಆಯ್ತಾ? ಇಡ್ಲಾ?" ಎಂದು ಇಟ್ಟುಬಿಟ್ಟ. ಅಪ್ಪ ರಿಸೀವರು ಹಿಡಿದುಕೊಂಡೇ ಕೂತಿದ್ದ. ಅವನನ್ನು ನೋಡಿ ಅಯ್ಯೋ ಅನ್ನಿಸಬೇಕಿತ್ತು, ಅವಳಿಗೆ ಅನ್ನಿಸಲಿಲ್ಲ.

ಚಿತ್ರ ತೆರೆಗೆ ಬರುವ ಹೊತ್ತಿಗೆ ಅವಳು ದರ್ಜಿಯೊಬ್ಬನ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜ ಮಾಡುತ್ತಿದ್ದಳು. ಚಿತ್ರ ನೋಡಬೇಕೆಂದು ಹಟ ಹಿಡಿದವನು ಅಪ್ಪ. ಮಧ್ಯಾಹ್ನದ ಆಟಕ್ಕೆ ಹೋದರು. ಬ್ರೆಡ್ಡಿನ ದೃಶ್ಯ ಹಾಗೇ ಇತ್ತು. ಥಿಯೇಟರು ಕೇಕೆ ಹಾಕಿತು. ಅಪ್ಪ ಕುರ್ಚಿಯ ಕೈ ಬಿಗಿಹಿಡಿದು ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ತಲೆ ಎಣಿಸುವ ದೃಶ್ಯ ಬಂತು. ಅಧಿಕಾರಿ ಸಾಲು ಎಣಿಸುತ್ತ ಬಂದಂತೆ, ಮೊದಲ ಸಾಲಿನವನೊಬ್ಬ ಬಗ್ಗಿ ಹಿಂದಿನಿಂದ ಓಡಿ ಕೊನೆಯ ಸಾಲಿನಲ್ಲಿ ಮತ್ತೆ ಎಣಿಕೆಗೆ ಸಿಗುತ್ತಾನೆ. ಓಡಿಹೋದವನ ಲೆಕ್ಕ ಹಾಗೆ ಸರಿಹೋಗುತ್ತದೆ. ಥಿಯೇಟರಿನಲ್ಲಿ ಅಂಥ ನಗೆಯೇನೂ ಏಳಲಿಲ್ಲ. ಆದರೆ ಪಕ್ಕದಿಂದ ಗೊಗ್ಗರು ಸದ್ದೊಂದು ಎದ್ದಿತು. ಅಪ್ಪನಿಗೆ ಉಸಿರು ಕಟ್ಟಿತೆಂದು ಅವಳು ಗಾಬರಿಯಾದಳು. ಅವನು ನಗುತ್ತಿದ್ದ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಮುಂದಿನ ಸಾಲಿನವರು ತಿರುಗಿ ನೋಡುವಂತೆ ನಗುತ್ತಿದ್ದ.

ಅವಳು ಎದ್ದು ಹೊರಗೆ ಬಂದಳು. ಈ ನಗು ಇವನೊಳಗೆ ಇತ್ತು. ಅಷ್ಟು ವರ್ಷವೂ ಇತ್ತು. ಅಮ್ಮನಿಗೆ ಒಂದು ಚಿಟಿಕೆಯೂ ಸಿಗಲಿಲ್ಲ. ಬೀದಿಯಲ್ಲಿ ಅವಳು ದಾಪುಗಾಲು ಹಾಕಿದಳು. ಹಿಂದಿನಿಂದ ಅಪ್ಪ ಏದುಸಿರು ಬಿಡುತ್ತ, "ನಿಲ್ಲೇ, ಸ್ವಲ್ಪ ನಿಲ್ಲೇ" ಎನ್ನುತ್ತ ಬಂದ. ರಸ್ತೆ ದಾಟುವಲ್ಲಿ ವಾಹನಗಳು ಬಿಡದೆ ಹರಿಯುತ್ತಿದ್ದವು. ಅವಳು ನಿಲ್ಲಲೇಬೇಕಾಯಿತು.

"ಅದು ನಿಜ ಕಣೇ" ಎಂದ ಅಪ್ಪ, ಇನ್ನೂ ನಗೆಯ ಎಳೆ ಉಳಿದ ದನಿಯಲ್ಲಿ. "ನಮ್ಮಲ್ಲೂ ಒಬ್ಬ ಹಾಗೇ ಓಡ್ತಿದ್ದ. ಕುಳ್ಳ. ಒಂದಿನ ಏನಾಯ್ತು ಅಂದ್ರೆ..."

ಅವಳು ಅವನ ಮುಖ ನೋಡಲಿಲ್ಲ. ಮುಷ್ಟಿ ಬಿಗಿದೇ ಇತ್ತು.

"ಜೋರಾಗಿ ಹೇಳು" ಎಂದಳು. "ಬಸ್ಸಿನ ಸದ್ದಿಗೆ ಏನೂ ಕೇಳಿಸ್ತಿಲ್ಲ."