ಆರು ಮಂದಿಯ ಲ್ಯಾಪ್‌ಟಾಪ್

ಹಳೆಯ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿ ಮೂರನೆಯ ಸಲ ಆನ್ ಮಾಡಿದಾಗಲೂ ಕಪ್ಪು ಪರದೆಯಲ್ಲಿ ಅದೇ ಸಾಲು ಬಂತು: ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ. ರೋಕ್ ಕನ್ನಡಕ ತೆಗೆದಿಟ್ಟು, ಮೇಲಿನ ಮಹಡಿಯ ಲತೀಶನಿಗೆ ಫೋನ್ ಮಾಡಿದ.

ಕುವೈತಿನ ಫಿಂಟಾಸಿನ ಇದೇ ಫ್ಲ್ಯಾಟಿನಲ್ಲಿ 2009ರಲ್ಲಿ ಆರು ಮಂದಿ ಸೇರಿ ಕೊಂಡ ಲ್ಯಾಪ್‌ಟಾಪ್ ಅದು. ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ಊರಿಗೆ ವಿಡಿಯೊ ಕರೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷದ ಪಾಳಿ. ಪ್ರತಿಯೊಬ್ಬನಿಗೂ ಬೇರೆ ಪಾಸ್‌ವರ್ಡ್ ಇತ್ತು. ಇನ್ನೊಬ್ಬನ ಟ್ರಂಕ್ ಮುಟ್ಟಬಾರದೆಂಬ ರೂಮಿನ ನಿಯಮ ಲ್ಯಾಪ್‌ಟಾಪಿಗೂ ಸಲ್ಲುತ್ತಿತ್ತು. ಯಾರಾದರೂ ಆಸ್ಪತ್ರೆ ಸೇರಿ ಅವನ ಸಾಮಾನು ಕಟ್ಟಬೇಕಾಗಿ ಬಂದರೆ ಇಬ್ಬರು ಜೊತೆಗಿರಬೇಕು, ಕಾಗದ ಓದಬಾರದು.

ಐವರೂ ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಮೀನಾ ಅಬ್ದುಲ್ಲಾ ಎಂಬಲ್ಲಿ ಸ್ಟೋರ್‌ಕೀಪರ್ ಆಗಿರುವ ರೋಕ್ ಮಾತ್ರ ಉಳಿದ. 2014ರಲ್ಲಿ ತನ್ನೂರು ಶಿರ್ವಕ್ಕೆ ಹೋದ ಗ್ಲೆನ್ ಕಳೆದ ತಿಂಗಳು ತೀರಿಕೊಂಡ. ಅವನ ಹೆಂಡತಿ ಶರ್ಲಿ ಕೇಳಿದ್ದು ಒಂದೇ: ತಿಂಗಳ ಪೂಜೆಯ ದಿನ ಮಕ್ಕಳಿಗೆ ತೋರಿಸಲು, ಅವರಪ್ಪ ಕುವೈತಿನಲ್ಲಿ ಹೇಗಿದ್ದನೆಂಬ ಒಂದು ಚಿತ್ರ. ಪೂಜೆ ಬರುವ ಬುಧವಾರ. ಚಿತ್ರಗಳಿದ್ದರೆ ಈ ಲ್ಯಾಪ್‌ಟಾಪಿನಲ್ಲೇ ಇರಬೇಕು.

ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಲತೀಶ ಲುಂಗಿಯಲ್ಲೇ ಇಳಿದು ಬಂದ. ಕೆಟ್ಟುಹೋದ ವಿಂಡೋಸಿನ ಬದಲು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವಿನಿಂದಲೇ ಶುರು ಮಾಡಬಹುದು, ಉಚಿತ, ಇಳಿಸಿಕೊಳ್ಳಿ ಎಂದು ಹೇಳಿದ್ದವನು ಅವನೇ.

“ಪೊರ್ಬುಗಳೇ, ಇದರಲ್ಲಿ ಎಂತ ಮಾಡಿದ್ದೀರಿ?” ಎಂದ, ತುಳುನಾಡಿನಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ.

“ನೀನು ಹೇಳಿದ ಫೈಲು ಇಳಿಸಿದೆ. ಕಾಪಿ, ಪೇಸ್ಟ್. ಖಲಾಸ್.”

ಲತೀಶ ನಕ್ಕ. “ಊರಿಗೆ ಹೋಗುವವರ ಕೈಯಲ್ಲಿ ಪೆನ್‌ಡ್ರೈವಿಗೆ ಹಾಡು ತುಂಬಿಸಿ ಕಳಿಸಿದ ಹಾಗೆ! ಅಕ್ಕಿಯ ಗೋಣಿ ಒಲೆಯ ಮೇಲೆ ಇಟ್ಟರೆ ಅನ್ನ ಆಗ್ತದಾ ಮಾರಾಯ್ರೆ? ಫೈಲನ್ನು ಬಿಚ್ಚಿ ಬರೀಬೇಕು, ಅದಕ್ಕೆ ಬೇರೆ ಪ್ರೋಗ್ರಾಮ್ ಉಂಟು.”

“ಅದನ್ನು ಮೊದಲೇ ಬೊಗಳಬಾರದಿತ್ತಾ?”

“ಹೇಳಿದ್ದೆ. ನೀವು ಆಗ ಮೀನು ಕಾಯಿಸ್ತಾ ಇದ್ದಿರಿ.”

ಲತೀಶ ತನ್ನ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆಂಬ ಎಚ್ಚರಿಕೆ ಬಂದಾಗ ರೋಕ್ ತಲೆಯಾಡಿಸಿದ. ಹಸಿರು ಪಟ್ಟಿ ತುದಿ ಮುಟ್ಟಲು ಒಂಬತ್ತು ನಿಮಿಷ ಹಿಡಿಯಿತು. ಆಮೇಲೆ ಹಳೆಯ ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಲತೀಶ ಕೀಬೋರ್ಡಿನ ಎಫ್ ಹನ್ನೆರಡನ್ನು ಪಟಪಟ ಒತ್ತಿ, ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿದ. ಎರಡು ನಿಮಿಷದಲ್ಲಿ ಪರದೆ ಬೆಳಗಿತು.

“ಆ ಇನ್‌ಸ್ಟಾಲ್ ಚಿತ್ರ ಮುಟ್ಟಬೇಡಿ. ಅದು ಡಿಸ್ಕನ್ನೇ ತೊಳೆದುಬಿಟ್ಟೀತು. ನಮಗೆ ನೋಡಿದರೆ ಸಾಕು.”

ಆರು ಹೆಸರಿನ ಆರು ಫೋಲ್ಡರುಗಳು ಸಾಲಾಗಿ ಕಂಡವು. ಲತೀಶ ‘ಗ್ಲೆನ್’ ಎಂಬುದನ್ನು ಒತ್ತಿದ, ತೆರೆದುಕೊಂಡಿತು.

“ಪಾಸ್‌ವರ್ಡ್?” ಎಂದ ರೋಕ್.

“ಇದು ಕೇಳುದಿಲ್ಲ.”

“ಆರೂ ಮಂದಿಯದ್ದು?”

“ಆರೂ ಮಂದಿಯದ್ದು.”

ರೋಕ್ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. “ಹಾಗಾದರೆ ನೀನು ಹೋಗಬೇಡ. ಇಬ್ಬರು ಇರಬೇಕು,” ಎಂದ.

ಹದಿನೇಳು ಫೋಟೊಗಳಿದ್ದವು. ಎರಡಂತಸ್ತಿನ ಮಂಚದ ಮೇಲ್ಭಾಗದಲ್ಲಿ ಬಾಯಿ ತೆರೆದು ಮಲಗಿದ ಗ್ಲೆನ್. ಮರಳುಗಾಳಿ ಬೀಸಿದ ಮರುದಿನ ಬನಿಯನ್ನಿನಲ್ಲಿ ಕಿಟಕಿ ಒರೆಸುವ ಗ್ಲೆನ್. ರೋಕನ ತಲೆಗೆ ಬಣ್ಣ ಹಚ್ಚುತ್ತಿರುವ ಗ್ಲೆನ್. ಆಗ ರೋಕನಿಗೆ ತಲೆತುಂಬ ಕೂದಲಿತ್ತು. ಲತೀಶ ಒಮ್ಮೆ ಪರದೆಯನ್ನೂ ಒಮ್ಮೆ ರೋಕನ ತಲೆಯನ್ನೂ ನೋಡಿ ಕೆಮ್ಮಿದ.

ಕೊನೆಯಲ್ಲಿ ಒಂದು ವಿಡಿಯೊ, 2011ರ ಡಿಸೆಂಬರಿನದು, ನತಾಲ್ ಅಂದರೆ ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನದು. ಗ್ಲೆನ್ ಕ್ಯಾಮೆರಾದ ಎದುರು ಕೂತು ತಲೆ ಬಾಚಿಕೊಂಡ. “ಶರ್ಲಿ, ಈ ನತಾಲಿಗೆ ರಜೆ ಸಿಗಲಿಲ್ಲ,” ಎಂದ ಕೊಂಕಣಿಯಲ್ಲಿ. ಸ್ವರ ಒಡೆಯಿತು. ಮುಖ ಒರೆಸಿಕೊಂಡು ಮತ್ತೆ ಹೇಳಿದ. ಮತ್ತೂ ಹೇಳಿದ. ನಾಲ್ಕನೆಯ ಸಲ ನಗುತ್ತ ಹೇಳುವುದು ಅವನಿಗೆ ಸಾಧ್ಯವಾಯಿತು. ರೋಕ್ ಅಲ್ಲಿಗೇ ನಿಲ್ಲಿಸಿದ. ಕರೆಗೆ ಕೂರುವ ಮುನ್ನ ತನ್ನ ಮುಖ ಹೇಗೆ ಕಾಣುತ್ತದೆಂದು ಗ್ಲೆನ್ ಹೀಗೆ ಚಿತ್ರಿಸಿ ನೋಡಿಕೊಂಡಿದ್ದ.

ಕೊಂಕಣಿ ಅರ್ಧ ಬರುವ ಲತೀಶನಿಗೂ ಅರ್ಥವಾಯಿತು. “ಫೋಟೊ ಸಾಕು. ಇದು ಬೇಡ ಪೊರ್ಬುಗಳೇ. ಮುಚ್ಚಿಟ್ಟದ್ದಲ್ವಾ?”

“ಮುಚ್ಚಿಟ್ಟದ್ದೇ. ಆದರೆ ನನ್ನದಲ್ಲ, ನಿನ್ನದಲ್ಲ.” ರೋಕ್ ಶಿರ್ವಕ್ಕೆ ಫೋನ್ ಮಾಡಿ, ಕಂಡದ್ದನ್ನು ಕಂಡಷ್ಟೇ ಹೇಳಿದ.

ಶರ್ಲಿ ಗಂಡನ ಗೆಳೆಯನನ್ನು ಕೊಂಕಣಿಯ ಗೌರವದಲ್ಲಿ ‘ಬಾಬ್’ ಎಂದೇ ಕರೆಯುತ್ತಿದ್ದಳು.

“ರೋಕ್ ಬಾಬ್, ಆ ದಿನ ಅವರು ನಗಾಡ್ತಾ ಹೇಳಿದರು. ಬರದಿದ್ದದ್ದು ಇವರಿಗೆ ಏನೂ ಅಲ್ಲ ಅಂತ ನನಗೆ ಸಿಟ್ಟು ಬಂತು. ಎರಡು ಶುಕ್ರವಾರ ನಾನು ಕ್ಯಾಮೆರಾದ ಎದುರು ಬರಲೇ ಇಲ್ಲ, ಮಕ್ಕಳನ್ನು ಮಾತ್ರ ಕೂರಿಸಿದೆ.”

“ಗೊತ್ತು,” ಎಂದ ರೋಕ್. ಆ ಎರಡು ಶುಕ್ರವಾರ ಗ್ಲೆನ್ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿರಲಿಲ್ಲ.

“ಫೋಟೊ ಮಕ್ಕಳಿಗೆ ಕಳಿಸಿ. ಅದನ್ನು ನನಗೆ ಕಳಿಸಿ. ನನಗೆ ಒಬ್ಬಳಿಗೇ.”

ರೋಕ್ ಎರಡು ಬೇರೆ ಫೋಲ್ಡರ್ ಮಾಡಿದ. ಎರಡನೆಯದಕ್ಕೆ ಏನು ಹೆಸರಿಡಬೇಕೆಂದು ಯೋಚಿಸಿ, ಶರ್ಲಿ ಎಂದಷ್ಟೇ ಬರೆದ.