ಒಳಗೆ ಹತ್ತು ಜನ ಇದ್ದಾರೆ

ನನ್ನ ಅತ್ತಿಗೆ ಮನೆಯಲ್ಲಿ ನನ್ನ ಮೇಲಧಿಕಾರಿ, ತರಗತಿಯಲ್ಲಿ ನನ್ನ ಶಿಷ್ಯೆ. ಬೆಳಿಗ್ಗೆ ಏಳಕ್ಕೆ ಅಡುಗೆಮನೆಯಲ್ಲಿ ನಿಂತು "ಪಾತ್ರೆ ಹೀಗಾ ತೊಳೆಯೋದು?" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡವಳನ್ನು, ಹತ್ತು ಗಂಟೆಗೆ "ಎರಡು ಪದದ ಮಧ್ಯೆ ಜಾಗ ಬಿಡಿ ಅಂತ ಎಷ್ಟು ಸಲ ಹೇಳ್ಲಿ?" ಎಂದು ನಾನು ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಆರು ವಾರ ಹೀಗೇ ನಡೆಯಿತು. ನಡುವೆ ಸಿಕ್ಕಿಕೊಂಡ ನನ್ನ ಅಣ್ಣ ಎರಡೂ ಕಡೆಗೆ ತಲೆಯಾಡಿಸಿ ತನ್ನ ತಟ್ಟೆ ತಾನೇ ತೊಳೆದಿಡುವುದನ್ನು ಕಲಿತ.

ನಾನು ಮುಂಗೋಪಿ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ತರಗತಿ ಹುಟ್ಟಿದ್ದೇ ನನ್ನ ಸಿಟ್ಟಿನಿಂದ. ಅತ್ತಿಗೆ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದ ನೂಲಿನ ಗಿರಣಿಗೆ ಹೊಸದಾಗಿ ಒಂದು ದಾಖಲೆ ಕೋಣೆ ಬಂತು. ಮೂಲೆಯಲ್ಲಿ ಒಂದೇ ಯಂತ್ರ, ಅದಕ್ಕೆ ತಗುಲಿದ ಎಂಟು ಪರದೆ, ಎಂಟು ಕುರ್ಚಿ, ಅದರಿಂದಲೇ ಬೇರೆ ಕೋಣೆಗಳಿಗೂ ಒಂದೆರಡು ತಂತಿ. ಜೋಡಿಸಲು ಬಂದವಳು ನಾನು. ಕುರ್ಚಿಗಳಿಗೆ ಹೊರಗಿನಿಂದ ಜನರನ್ನು ತರುವುದಾಗಿ ಮ್ಯಾನೇಜರ್ ಹೇಳಿದಾಗ, ಒಳಗಿನವರಿಗೇ ಯಾಕೆ ಕಲಿಸಬಾರದು ಎಂದು ಕೇಳಿದೆ. ಅವರು ನಕ್ಕು, "ಎಳೆಗೆ ಗಂಟು ಹಾಕೋ ಕೈಗಳಿಗೆ ಇದೆಲ್ಲ ಹತ್ತುತ್ತೇನಮ್ಮ?" ಎಂದರು.

ಆ ನಗುವಿಗೆ ನನ್ನ ಸಿಟ್ಟು ನೆತ್ತಿಗೇರಿತು. "ಎಂಟು ಜನರನ್ನ ಕೊಡಿ, ಆರು ವಾರ ಕೊಡಿ. ಒಬ್ಬರು ಫೇಲಾದ್ರೂ ನಾನು ಈ ಗೇಟಿನೊಳಗೆ ಕಾಲಿಡಲ್ಲ," ಎಂದುಬಿಟ್ಟೆ.

ಬಾಯಿ ಬಿಟ್ಟಾದ ಮೇಲೆ ಎಂಟು ಜನರ ಪಟ್ಟಿ ನೋಡಿದೆ. ಅತ್ತಿಗೆಯ ಹೆಸರು ಮೊದಲನೆಯದು. ಯಂತ್ರಗಳ ಅಬ್ಬರದಲ್ಲಿ ಅವಳ ಎಡಗಿವಿ ಆಗಲೇ ಕೆಲಸ ಬಿಟ್ಟಿತ್ತು. ವರ್ಷ ಮುಗಿಯುವುದರೊಳಗೆ ಆ ನೂಲುವ ಹಾಲ್ ಬಿಡದಿದ್ದರೆ ಬಲಗಿವಿಯೂ ಹೋಗುತ್ತದೆ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಈ ಎಂಟು ಕುರ್ಚಿಗಳಲ್ಲಿ ಒಂದು ಸಿಗಬೇಕು, ಇಲ್ಲದಿದ್ದರೆ ಮನೆಯಲ್ಲಿ ಕೂರಬೇಕು. ಅತ್ತಿಗೆ ಸುಮ್ಮನೆ ಮನೆಯಲ್ಲಿ ಕೂರುವ ಪೈಕಿ ಅಲ್ಲ ಎಂದು ನಮ್ಮ ಬೀದಿಗೆಲ್ಲ ಗೊತ್ತು.

ಮೊದಲ ದಿನ ನಾನು ಅವರಿಗೆ ಹೇಳಿದ್ದು ಇಷ್ಟೇ. "ಇದೊಂದು ವಠಾರ ಅಂದ್ಕೊಳ್ಳಿ. ಪ್ರತಿಯೊಬ್ಬರಿಗೂ ಒಂದೊಂದು ಮನೆ, ಒಂದೊಂದು ಬೀಗ. ನಿಮ್ಮ ಮನೆಯಲ್ಲಿ ನೀವು ಏನು ಬೇಕಾದ್ರೂ ಮಾಡಿ. ಪಕ್ಕದವರ ಮನೆಗೆ ಹೋಗಬೇಕಾದ್ರೆ ಅವರು ಬಾಗಿಲು ತೆಗೆದಿರಬೇಕು. ಇಲ್ಲಿ ಚಿತ್ರ ಇಲ್ಲ, ಒತ್ತೋಕೆ ಗುಂಡಿ ಇಲ್ಲ. ಬೇಕಾದ್ದನ್ನ ಬರೆದು ಕೇಳಬೇಕು, ಅದು ಬರೆದೇ ಉತ್ತರ ಕೊಡುತ್ತೆ."

"ಗದ್ದಲ ಇಲ್ದೆ ಮಾತಾಡುತ್ತೆ ಅನ್ನು. ನನಗೆ ಹೇಳಿ ಮಾಡಿಸಿದ ಹಾಗಿದೆ," ಎಂದಳು ಅತ್ತಿಗೆ.

ಒಳಗೆ ಯಾರು ಯಾರಿದ್ದಾರೆಂದು ತೋರಿಸುವ ಆಜ್ಞೆ ‘ಹೂ’, ‘ಯಾರು’ ಎನ್ನುವುದಕ್ಕೆ ಇಂಗ್ಲಿಷಿನ ಮೂರಕ್ಷರ. ಅದನ್ನು ಕೇಳಿ, ಎಂಟು ಜನರಲ್ಲಿ ನಾವು ಮಾತಿನಮಲ್ಲಿ ಎಂದು ಕರೆಯುತ್ತಿದ್ದವಳು ಮುಡಿ ಮುಟ್ಟಿಕೊಂಡು ನಕ್ಕಳು. ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಅನಾಹುತ ಆಯಿತು.

ಕಡತವೊಂದನ್ನು ತೆರೆದು ತೋರಿಸುವ ಆಜ್ಞೆ ಬರೆದ ಅತ್ತಿಗೆ, ಯಾವ ಕಡತ ಎಂದು ಹೇಳುವುದನ್ನು ಮರೆತಿದ್ದಳು. ಯಂತ್ರ ಬಾಯಿಬಿಡದೆ ಅವಳ ಮುಂದಿನ ಮಾತಿಗೆ ಕಾಯುತ್ತಾ ಕೂತಿತು. ಪರದೆ ನಿಂತುಹೋಗಿದೆ ಎಂದುಕೊಂಡಳು. ಗಿರಣಿಯಲ್ಲಿ ಎಳೆ ತುಂಡಾದರೆ ಎರಡು ಎಣಿಸುವುದರೊಳಗೆ ಯಂತ್ರ ನಿಲ್ಲಿಸಬೇಕು, ಇಲ್ಲದಿದ್ದರೆ ಇಡೀ ಉರುಳೆ ಹಾಳು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಉರುಳೆಯನ್ನೂ ಕೆಡಿಸದ ಕೈ ಅದು. ಪಕ್ಕದ ಗೋಡೆಯ ಮೇಲಿದ್ದ ಕೆಂಪು ಸ್ವಿಚ್ಚಿಗೆ ಹೋಯಿತು, ಹೊಡೆಯಿತು. ಎಂಟೂ ಪರದೆ ಕಪ್ಪಾದವು. ಬೆಳಗಿನಿಂದ ಏಳು ಜನ ಕುಟ್ಟಿ ಕುಟ್ಟಿ ಬರೆದದ್ದು ಹೇಳಹೆಸರಿಲ್ಲದಂತೆ ಹೋಯಿತು.

ನಾನು ಹಿಂದೆ ಮುಂದೆ ನೋಡದೆ ಬೈದೆ. "ವಠಾರದ ಮೇನ್ ಸ್ವಿಚ್ ಆರಿಸೋ ಮೊದಲು ಒಳಗೆ ಯಾರಿದ್ದಾರೆ ಅಂತ ನೋಡಬೇಕು ಅನ್ನೋ ಪರಿಜ್ಞಾನ ಬೇಡ್ವಾ?" ಅತ್ತಿಗೆ ತಲೆ ತಗ್ಗಿಸಿ ಕೂತಳು. ಆ ದಿನ ಸಂಜೆ ನನಗೆ ಮಾತಿಲ್ಲದೆ ಊಟ ಬಡಿಸಿದಳು, ಅನ್ನ ಮಾತ್ರ ಎಂದಿಗಿಂತ ಒಂದು ಹಿಡಿ ಜಾಸ್ತಿಯೇ ಹಾಕಿದಳು.

ಮರುದಿನ ಸ್ವಿಚ್ಚಿನಿಂದ ದೂರದ ಕುರ್ಚಿ ಕೊಟ್ಟೆ. ಅವಳು ಒಪ್ಪಲಿಲ್ಲ. "ನಾನು ಅಲ್ಲೇ ಕೂರ್ತೀನಿ. ತಪ್ಪು ಮಾಡಿದ ಕೈ ಅಲ್ಲೇ ಕಲೀಲಿ," ಎಂದಳು.

ಕಲಿತಳು. ನಾನು ಬರೆಸಿದ್ದನ್ನು ಮನೆಯಲ್ಲಿ ಹಿಟ್ಟು ಕಲಸುತ್ತಾ ಬಾಯಿಪಾಠ ಮಾಡಿದಳು. ಗುಪ್ತಪದ ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆಯೆಂದು ಎಂಟೂ ಜನ ಮೊದಲ ವಾರವೆಲ್ಲ ಅದನ್ನು ಗುದ್ದಿದ್ದರು. "ಕಾಣದಿದ್ರೂ ಹೋಗ್ತಿದೆ, ನಂಬಿ" ಎಂದು ನಾನು ನೂರು ಸಲ ಹೇಳಿರಬೇಕು. ಹಿಂದಿನ ಸಾಲಿನವರು ಪಾಠದ ನಡುವೆ ಕೈಬೆರಳು ಆಡಿಸುವುದನ್ನೂ ಆಗಲೇ ಕಂಡುಹಿಡಿದೆ. ಗಿರಣಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಅವರಿಗೆ ತಮ್ಮದೇ ಕೈಸನ್ನೆಗಳಿವೆ. ಅದರಲ್ಲೇ ಒಬ್ಬರಿಗೊಬ್ಬರು ಉತ್ತರ ರವಾನಿಸುತ್ತಿದ್ದರು. ನಾನು ಹಿಡಿದು ನಿಲ್ಲಿಸಿದೆ. ನಿಲ್ಲಿಸುವ ಹೊತ್ತಿಗೆ ನಾಲ್ಕು ಸನ್ನೆ ನನಗೂ ಬಂದಿದ್ದವು.

ಹೆಬ್ಬೆರಳನ್ನು ತೋರುಬೆರಳ ಉದ್ದಕ್ಕೂ ಎರಡು ಸಲ ಸವರಿದರೆ ‘ಎಳೆ ಸರಿಯಾಗಿದೆ, ಓಡಲಿ’ ಎಂದರ್ಥ.

"ಹೊಸಬಳು ಮೊದಲನೇ ಸಲ ಗಂಟು ಸರಿಯಾಗಿ ಹಾಕಿದ್ರೆ ಹಳಬರು ಅವಳಿಗೆ ಹೀಗೆ ಮಾಡ್ತಾರೆ," ಎಂದಳು ಅತ್ತಿಗೆ, ಪರೀಕ್ಷೆಯ ಹಿಂದಿನ ಸಂಜೆ ಬಟ್ಟೆ ಮಡಚುತ್ತಾ. "ನೀನು ಆರು ವಾರದಲ್ಲಿ ಒಂದ್ಸಲಾನೂ ಚೆನ್ನಾಗಿ ಮಾಡ್ದೆ ಅನ್ಲಿಲ್ಲ."

"ಆ ಯಂತ್ರಾನೂ ಅನ್ನಲ್ಲ. ತಪ್ಪು ಮಾಡಿದ್ರೆ ಬೈಯುತ್ತೆ, ಸರಿ ಮಾಡಿದ್ರೆ ಸುಮ್ಮನಿರುತ್ತೆ. ನಾನೂ ಹಾಗೇ."

"ಅದು ಯಂತ್ರ ಕಣೇ. ನೀನು ನಾದಿನಿ."

ನನ್ನ ಪಾಲಿನ ಬಟ್ಟೆ ಮಡಚಿಟ್ಟು ಮಲಗಿದೆ.

ಪರೀಕ್ಷೆಗೆ ಮ್ಯಾನೇಜರ್ ಖುದ್ದಾಗಿ ಬಂದರು. ಒಂದೊಂದು ಹಾಲ್‌ನ ದಿನದ ದಾಖಲೆಯನ್ನು ಒಬ್ಬೊಬ್ಬರು ಬರೆಯಬೇಕು, ಉಳಿಸಬೇಕು, ಪಕ್ಕದವಳು ಓದಬಹುದಾದ ಹಾಗೆ ಬಾಗಿಲು ತೆರೆದಿಡಬೇಕು, ಆದರೆ ತಿದ್ದಲು ಬಿಡಬಾರದು. ಎರಡು ಗಂಟೆ ಸಮಯ. ನನ್ನನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿ, "ಮುಗಿಯೋವರೆಗೂ ನೀವು ತುಟಿ ಪಿಟಕ್ ಅನ್ನಬಾರದು. ಅಂದ್ರೆ ಪರೀಕ್ಷೆ ರದ್ದು," ಎಂದರು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಒಂದು ಗಂಟೆ ಎಲ್ಲ ಸುಸೂತ್ರ. ನಡುವೆ ಮ್ಯಾನೇಜರ್ ಒಮ್ಮೆ ತಮ್ಮ ಕೋಣೆಗೆ ಹೋಗಿ, ಕಾಫಿ ಮುಗಿಸಿ ಬಂದರು. ಆಮೇಲೆ ಅಕ್ಷರಗಳು ತಡವಾಗತೊಡಗಿದವು. ಒಂದು ಅಕ್ಷರ ಒತ್ತಿ ಐದು ಎಣಿಸಿದರೆ ಅದು ಕಾಣುತ್ತಿತ್ತು, ಮುಂದೆ ಇಪ್ಪತ್ತು ಎಣಿಸಿದರೂ ಕಾಣಲಿಲ್ಲ. ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿದರು. ಮ್ಯಾನೇಜರ್ ಅತ್ತಿಗೆಯ ಹಿಂದೆ ಬಂದು ನಿಂತರು.

"ಹ್ಯಾಂಗ್ ಆಗಿದೆ. ಆ ಸ್ವಿಚ್ ಆರಿಸಿ ಮತ್ತೆ ಹಾಕಮ್ಮ. ನನ್ನ ಫೋನಿಗೂ ನಾನು ಅದೇ ಮಾಡೋದು."

ಅತ್ತಿಗೆಯ ಕೈ ಮೇಲೆದ್ದಿತು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಹತ್ತೊಂಬತ್ತು ವರ್ಷ ಅದೇ ಕೆಲಸ ಮಾಡಿದ ಕೈ, ಜೊತೆಗೆ ಈಗ ಅಪ್ಪಣೆಯೂ ಸಿಕ್ಕಿದೆ. ಆರಿಸಿದರೆ ಯಾರೂ ಅವಳನ್ನು ತಪ್ಪು ಎನ್ನುವಂತಿರಲಿಲ್ಲ. ಆರಿಸದಿದ್ದರೆ, ಯಾರ ಕೈಯಲ್ಲಿ ಅವಳ ಕುರ್ಚಿ ಇತ್ತೋ ಅವರ ಮಾತನ್ನೇ ಮೀರಿದಂತೆ. ಕೈ ಸ್ವಿಚ್ಚಿನ ಮುಂದೆ ಒಂದು ಗಳಿಗೆ ನಿಂತಿತು. ಆಮೇಲೆ ಕೆಳಗಿಳಿದು ಕೀಲಿಮಣೆಗೆ ಬಂತು.

"ಸ್ವಲ್ಪ ತಡೀರಿ ಸಾರ್. ಒಳಗೆ ಯಾರಿದ್ದಾರೆ ನೋಡ್ತೀನಿ."

"ಒಳಗೆ ಯಾರಿರ್ತಾರೆ? ಎಲ್ಲ ಇಲ್ಲೇ ಕೂತಿದ್ದೀರಲ್ಲ. ಆರಿಸು ಅಂದೆ."

ಅತ್ತಿಗೆಗೆ ಅದು ಕೇಳಿಸಲಿಲ್ಲ. ಎಡಗಿವಿಯ ಕಡೆ ನಿಂತು ಹೇಳಿದ್ದಕ್ಕೋ, ಬೇಕೆಂದೇ ಕೇಳಿಸಿಕೊಳ್ಳಲಿಲ್ಲವೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮೊದಲು ತಾನು ಬರೆದದ್ದನ್ನು ಉಳಿಸಿದಳು. ಆಮೇಲೆ ಮೂರು ಅಕ್ಷರ ಒತ್ತಿ, ಕೈಗಳನ್ನು ಮಡಿಲಲ್ಲಿಟ್ಟು ಕಾದಳು. ತುಂಬ ಹೊತ್ತಿನ ಮೇಲೆ ಪಟ್ಟಿ ಮೂಡಿತು. ಬೆರಳಿಟ್ಟು ಎಣಿಸಿದಳು.

"ಒಳಗೆ ಹತ್ತು ಜನ ಇದ್ದಾರೆ ಸಾರ್. ನಾವು ಎಂಟು. ಮೇಲಿನ ಮಹಡಿಯಿಂದ ಗೋದಾಮಿನ ಗುಮಾಸ್ತರು ಒಬ್ಬರು, ಎಂಟೂಕಾಲಿಂದ ಇದ್ದಾರೆ. ಇದನ್ನ ಆರಿಸಿದ್ರೆ ಅವರು ಬೆಳಗಿನಿಂದ ಬರೆದಿದ್ದು ಹೋಗುತ್ತೆ. ಅವರಿಗೆ ಇಲ್ಲೇನಾಗ್ತಿದೆ ಅಂತಾನೂ ಗೊತ್ತಿಲ್ಲ."

"ಇನ್ನೊಬ್ಬರು?"

ಅವಳು ಇನ್ನೊಂದು ಆಜ್ಞೆ ಕೊಟ್ಟು, ಯಾರು ಯಂತ್ರವನ್ನು ಎಷ್ಟು ದುಡಿಸುತ್ತಿದ್ದಾರೆಂಬ ಪಟ್ಟಿ ತರಿಸಿಕೊಂಡಳು. ಓದಿದಳು. ಇನ್ನೊಂದು ಸಲ ಓದಿದಳು.

"ಇನ್ನೊಬ್ಬರು ನೀವೇ ಸಾರ್."

"ನಾನು ಇಲ್ಲೇ ನಿಂತಿದ್ದೀನಲ್ಲಮ್ಮ."

"ನೀವು ಇಲ್ಲಿದ್ದೀರಿ. ಆಗಲೇ ನಿಮ್ಮ ಕೋಣೆಯಿಂದ ಏನೋ ಹುಡುಕು ಅಂತ ಹೇಳಿ ಬಂದಿದ್ದೀರಿ. ಅದು ಇನ್ನೂ ಹುಡುಕ್ತಾನೇ ಇದೆ. ನೂರರಲ್ಲಿ ತೊಂಬತ್ತೇಳು ಪಾಲು ನಿಮ್ಮ ಕೆಲಸಕ್ಕೇ ಹೋಗ್ತಿದೆ. ಉಳಿದ ಮೂರರಲ್ಲಿ ನಾವು ಒಂಬತ್ತು ಜನ."

ಯಂತ್ರಕ್ಕೆ ತುಂಬಿಸಿದ್ದ ಹತ್ತು ವರ್ಷದ ಹಳೆಯ ಕಡತಗಳಲ್ಲೆಲ್ಲ ಒಂದು ಹೆಸರು ಹುಡುಕಲು ಹೇಳಿ ಕಾಫಿಗೆ ಹೋಗಿದ್ದು ಮ್ಯಾನೇಜರಿಗೆ ನೆನಪಾಗಿರಬೇಕು, ಮುಖ ಕೆಂಪಾಯಿತು. "ಹಾಗಾದ್ರೆ ಅದೊಂದನ್ನ ನಿಲ್ಲಿಸು," ಎಂದರು.

ಅತ್ತಿಗೆ ನಿಲ್ಲಿಸುವ ಆಜ್ಞೆ ಕೊಟ್ಟಳು. ಅನುಮತಿ ಇಲ್ಲ ಎಂದಿತು ಪರದೆ. ಅವರು ನೋಡಲೆಂದೇ ಕೊಟ್ಟಳು ಎಂದು ನನಗೆ ತಿಳಿಯಿತು, ಅವಳಿಗೆ ಆ ಉತ್ತರ ಮೊದಲೇ ಗೊತ್ತಿತ್ತು.

"ನಿಮ್ಮ ಮನೆ ಸಾರ್ ಅದು. ನನ್ನ ಕೈಲಿ ಬಾಗಿಲು ತೆಗೆಯೋಕಾಗಲ್ಲ, ಆಗಲೂಬಾರದು. ನೀವೇ ಬರಬೇಕು."

ತನ್ನ ಖಾತೆಯಿಂದ ಹೊರಬಂದು, ಎದ್ದು, ಕುರ್ಚಿ ಅವರತ್ತ ಸರಿಸಿದಳು. ಅವರು ಕೂತು ಹೆಸರು ಬರೆದರು. ಗುಪ್ತಪದಕ್ಕೆ ಬಂದಾಗ ಎರಡು ಸಲ ಕುಟ್ಟಿ ನಿಲ್ಲಿಸಿ, "ಇಲ್ಲೇನೂ ಮೂಡ್ತಿಲ್ಲ, ಕೀಲಿಮಣೆ ಕೆಟ್ಟಿದೆ," ಎಂದರು. ಅವರ ಕೋಣೆಯಲ್ಲಿ ಅದನ್ನೆಲ್ಲ ಸಹಾಯಕರೇ ಮಾಡಿಕೊಡುತ್ತಿದ್ದರಂತೆ.

"ಕಾಣದಿದ್ರೂ ಹೋಗ್ತಿದೆ ಸಾರ್, ನಂಬಿ," ಎಂದಳು ಅತ್ತಿಗೆ. ನನ್ನದೇ ಮಾತು, ನನ್ನ ಸಿಡುಕು ಮಾತ್ರ ಇರಲಿಲ್ಲ. ನಾನು ಆ ಮಾತನ್ನು ಅಷ್ಟು ಮೆತ್ತಗೆ ಒಮ್ಮೆಯೂ ಹೇಳಿರಲಿಲ್ಲ.

ಅವಳು ಒಂದೊಂದೇ ಅಕ್ಷರ ಹೇಳಿಕೊಟ್ಟಳು, ಅವರು ಒಂದೊಂದೇ ಒತ್ತಿದರು. "ಇಲ್ಲಿ ಜಾಗ ಬಿಡಿ ಸಾರ್. ಈಗ ಪಟ್ಟಿಯಲ್ಲಿ ಆ ಹುಡುಕಾಟದ ಮುಂದಿರೋ ಅಂಕಿ. ಈಗ ಒತ್ತಿ." ಒತ್ತಿದರು. ಏನೂ ಮೂಡಲಿಲ್ಲ.

"ಏನೂ ಆಗ್ಲಿಲ್ಲವಲ್ಲ?"

"ತಪ್ಪಾಗಿದ್ರೆ ಬೈಯ್ತಿತ್ತು ಸಾರ್. ಸುಮ್ಮನಿದೆ ಅಂದ್ರೆ ಸರಿಯಾಗಿದೆ."

ಅಷ್ಟರಲ್ಲಿ ಉಳಿದ ಏಳು ಪರದೆಗಳಲ್ಲಿ ತಡೆದು ನಿಂತಿದ್ದ ಅಕ್ಷರಗಳೆಲ್ಲ ಬುಳಬುಳನೆ ಬಂದು ಬಿದ್ದವು. ಮೇಲಿನಿಂದ ಗುಮಾಸ್ತರ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ತನ್ನ ಬೆಳಗಿಡೀ ಶ್ರಮ ಉಳಿದದ್ದು ಯಾರಿಂದ ಎಂದು ಆ ಮನುಷ್ಯನಿಗೆ ಗೊತ್ತೇ ಇಲ್ಲ.

ಮ್ಯಾನೇಜರ್ ಎದ್ದರು. ಕುರ್ಚಿಯ ಬೆನ್ನು ಹಿಡಿದು ಅವಳತ್ತ ತಿರುಗಿಸಿದರು. ಇಷ್ಟು ಹೊತ್ತೂ ಮಾಡು, ಆರಿಸು ಎನ್ನುತ್ತಿದ್ದವರು, "ಕೂತ್ಕೊಳ್ಳಿ. ಇದು ನಿಮ್ಮ ಕುರ್ಚಿ," ಎಂದರು. ಉಳಿದ ಏಳು ಜನರ ಕಡೆಗೂ ಒಮ್ಮೆ ಕಣ್ಣು ಹಾಯಿಸಿ, "ಹೋದ ಹೊತ್ತನ್ನ ಲೆಕ್ಕಕ್ಕೆ ಹಿಡಿಯಲ್ಲ, ನಿಧಾನವಾಗಿ ಮುಗಿಸಿ," ಎಂದು ಹೇಳಿ ಕಿಟಕಿಯ ಬಳಿ ಹೋಗಿ ನಿಂತರು.

ಅತ್ತಿಗೆ ಕೂರುವ ಮೊದಲು ತಿರುಗಿ ನನ್ನನ್ನು ನೋಡಿದಳು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ನಾನು ತುಟಿ ಬಿಚ್ಚುವಂತಿರಲಿಲ್ಲ. ನಾನು ಕೈಯೆತ್ತಿ, ಹೆಬ್ಬೆರಳನ್ನು ತೋರುಬೆರಳ ಉದ್ದಕ್ಕೂ ಸವರಿದೆ. ಎರಡು ಸಲ.

ಅವಳು ನೋಡಿದಳು. ಹಿಂದಿನ ಸಾಲಿನಲ್ಲಿ ಮಾತಿನಮಲ್ಲಿಯೂ ಕೈಯೆತ್ತಿ ಅದನ್ನೇ ಮಾಡಿದಳು, ಅವಳ ಪಕ್ಕದವಳು ಮಾಡಿದಳು, ಆಮೇಲೆ ಉಳಿದವರೆಲ್ಲ. ಅತ್ತಿಗೆ ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಕೂತಳು, ಹೆಸರು ಬರೆದಳು, ಕಾಣದ ಗುಪ್ತಪದ ಹೊಡೆದಳು, ಬಿಟ್ಟ ಸಾಲಿನಿಂದ ಮುಂದುವರಿಸಿದಳು.