ಕೊನೆಯ ಗಾಡಿಯ ಕಿತ್ತಳೆ ಜಾಕೆಟ್

ಕನ್ನಡಿಯಲ್ಲಿ ಒಂದು ಕಿತ್ತಳೆ ಚುಕ್ಕೆ. ಬೈಕಿನ ಕನ್ನಡಿಯೊಳಗೆ, ಧೂಳಿನ ಹಿಂದೆ, ಒಮ್ಮೆ ಕಾಣುತ್ತ ಒಮ್ಮೆ ಮರೆಯಾಗುತ್ತ ಬರುತ್ತಿದ್ದ ಆ ಚುಕ್ಕೆಯನ್ನು ನೋಡಿಕೊಂಡೇ ನಾನು ದೂರದ ದಾರಿಯಲ್ಲಿ ಗಾಡಿ ಓಡಿಸುವುದನ್ನು ಕಲಿತೆ. ಅದು ಹೊನ್ನಪ್ಪ ಮಾವನ ಜಾಕೆಟ್ಟು. ಅದು ಕಾಣುತ್ತಿದ್ದರೆ ನಮ್ಮ ಗಾಡಿಗಳೆಲ್ಲ ನೆಟ್ಟಗಿವೆ ಎಂದರ್ಥ. ಕಾಣದಿದ್ದರೆ ಮುಂದಿನವರು ನಿಧಾನ ಮಾಡಬೇಕು.

ಹೊನ್ನಪ್ಪ ಮಾವ ನನ್ನ ಸ್ವಂತ ಮಾವನಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕ್ಲಚ್ಚು ಒತ್ತಿ ಒತ್ತಿ ಎಡಮಂಡಿ ಸವೆದಿತ್ತು. ನಡೆಯುವಾಗ ಕುಂಟುತ್ತಿದ್ದರು, ಬೈಕ್ ಹತ್ತಿದರೆ ಹುಡುಗರ ಹಾಗೆ ಕೂರುತ್ತಿದ್ದರು. ನಮ್ಮ ಊರಿನ ಬೈಕ್ ತಂಡದಲ್ಲಿ ಕೊನೆಯ ಜಾಗ ಯಾವಾಗಲೂ ಅವರದೇ. ಯಾಕೆ ಮಾವ ಎಂದು ಕೇಳಿದರೆ, "ಬಸ್ಸಲ್ಲಿ ಎಲ್ರಿಗಿಂತ ಮುಂದೆ ಕೂತು ಸಾಕಾಗಿದೆ ಕಣಮ್ಮ. ಆಗ ಹಿಂದಿದ್ದೋರು ನಿದ್ದೆ ಮಾಡ್ತಿದ್ರೋ ಅಳ್ತಿದ್ರೋ ಒಂದೂ ಕಾಣ್ತಿರ್ಲಿಲ್ಲ. ಈಗ ಎಲ್ರ ಬೆನ್ನು ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದರು.

ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವರು ತಾರಕ್ಕ. ಹೈಸ್ಕೂಲಿನಲ್ಲಿ ಆಟದ ಮೇಡಂ. ರಜೆಯಲ್ಲೂ ಕತ್ತಿನಲ್ಲಿ ಸೀಟಿ ಇರುತ್ತಿತ್ತು. ನಾನು ಕಾಲೇಜಿನ ಎರಡನೇ ವರ್ಷದವಳು, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. ನನ್ನಷ್ಟು ಚೆನ್ನಾಗಿ ತಿರುವಿನಲ್ಲಿ ಗಾಡಿ ವಾಲಿಸುವವರು ಊರಲ್ಲೇ ಇಲ್ಲ ಎಂಬ ನಂಬಿಕೆ ನನಗಿತ್ತು. ಈಗಲೂ ಸ್ವಲ್ಪ ಇದೆ.

ತಂಡದಲ್ಲಿ ಒಂದು ಪದ್ಧತಿ ಇತ್ತು. ದಾರಿ ಕವಲಾದಲ್ಲೆಲ್ಲ ತಾರಕ್ಕನ ಹಿಂದೆಯೇ ಇದ್ದವರು ಗಾಡಿ ನಿಲ್ಲಿಸಿ, ಯಾವ ಕಡೆ ತಿರುಗಬೇಕೆಂದು ಕೈ ತೋರಿಸುತ್ತ ನಿಲ್ಲಬೇಕು. ಉಳಿದವರೆಲ್ಲ ದಾಟಿಹೋದ ಮೇಲೆ ಕೊನೆಗೆ ಹೊನ್ನಪ್ಪ ಮಾವ ಬಂದು, ವೇಗ ಇಳಿಸಿ, ಎಡಗೈ ಮೇಲೆತ್ತುತ್ತಾರೆ. ನಾನೇ ಕೊನೆ, ನೀನು ಹೊರಡು ಎಂದು. ಅವರು ಕೈ ಎತ್ತುವವರೆಗೆ ಮಳೆ ಬಂದರೂ ಅಲ್ಲಾಡುವಂತಿಲ್ಲ. ಇನ್ನು ಕವಲಿನಲ್ಲಿ ಯಾರೂ ನಿಂತಿಲ್ಲವೆಂದರೆ ಯೋಚನೆಯೇ ಬೇಡ, ನೇರ ಹೋಗಬೇಕು. ಈ ಪದ್ಧತಿಯಿಂದ ನಾಲ್ಕು ವರ್ಷದಲ್ಲಿ ಒಬ್ಬರೂ ದಾರಿ ತಪ್ಪಿರಲಿಲ್ಲ.

ಆ ದಿನ ಗುಡ್ಡ ಹತ್ತಿ ಆಚೆಯ ಅಣೆಕಟ್ಟಿಗೆ ಹೋಗುವುದಿತ್ತು. ಔಷಧಿ ಅಂಗಡಿಯ ಶ್ರೇಯಾಂಸಣ್ಣ ಮೊದಲ ಸಲ ಬಂದಿದ್ದ. ಅವನೂ ಸೇರಿ ಒಟ್ಟು ಏಳು ಗಾಡಿ. ಇಸ್ತ್ರಿ ಹಾಕಿದ ತೆಳು ಬಿಳಿ ಅಂಗಿ, ಕಪ್ಪು ಕನ್ನಡಕ.

"ಏನಪ್ಪಾ, ಹೆಣ್ಣು ನೋಡೋಕೆ ಹೊರಟಿದೀಯಾ?" ಎಂದರು ತಾರಕ್ಕ.

"ಬಿಸಿಲಿದೆಯಲ್ಲ ಮೇಡಂ."

"ಇಲ್ಲಿದೆ. ಮೇಲೆ ಮಂಜಿರತ್ತೆ. ಹಲ್ಲು ಕಟಕಟ ಅನ್ನತ್ತೆ."

"ಚಳಿಜ್ವರದ ಮಾತ್ರೆ ಇಟ್ಕೊಂಡಿದೀನಿ ಬಿಡಿ."

"ಮಾತ್ರೆ ಹೊದ್ಕೊಳ್ತೀಯಾ ಶ್ರೇಯಾಂಸಣ್ಣ?" ಎಂದೆ ನಾನು. ಎಲ್ಲರೂ ನಕ್ಕರು.

ಹೊನ್ನಪ್ಪ ಮಾವ ಪ್ರತಿಯೊಬ್ಬರ ಗಲ್ಲದ ಕೆಳಗೆ ಬೆರಳು ತೂರಿಸಿ ಹೆಲ್ಮೆಟ್ ಪಟ್ಟಿ ನೋಡುತ್ತ ಬಂದರು. ನನ್ನದನ್ನು ಎಳೆದು ಬಿಗಿ ಮಾಡಿದರು.

"ಉಸಿರು ಕಟ್ಟತ್ತೆ ಮಾವ!"

"ಪಟ್ಟಿ ಆದ್ರೆ ಬಿಚ್ಚಬಹುದು ಮಗಾ. ತಲೆ ಬಿಚ್ಚಿಕೊಂಡ್ರೆ ನಾನು ಎಲ್ಲಿ ಹೊಲಿಸ್ಲಿ?"

ಗುಡ್ಡದ ಬುಡದ ತನಕ ಬಿಸಿಲಿತ್ತು. ಅಲ್ಲಿಂದ ಮೇಲೆ ಮಂಜು ದಟ್ಟವಾಗುತ್ತ ಹೋಯಿತು. ಹಳೆಯ ರಸ್ತೆ ನೇರ ಹೊಳೆಯ ಕಡೆಗೆ ಹೋಗುವ, ಹೊಸ ರಸ್ತೆ ಬಲಕ್ಕೆ ಗುಡ್ಡ ಹತ್ತುವ ಕವಲಿನಲ್ಲಿ ತಾರಕ್ಕ ಕೈಬೆರಳು ತೋರಿಸಿ ನನ್ನನ್ನು ನಿಲ್ಲಿಸಿ ಹೋದರು. ನಾನು ಬಲಗೈ ಚಾಚಿ ನಿಂತೆ. ಬ್ಯಾಂಕಿನವರಿಬ್ಬರು ದಾಟಿದರು. ಬೇಕರಿಯವರು ಪೀಂ ಪೀಂ ಎನ್ನಿಸಿಕೊಂಡು ದಾಟಿದರು. ಆಮೇಲೆ ಯಾರೂ ಬರಲಿಲ್ಲ.

ಐದು ನಿಮಿಷವಾಯಿತು, ಹತ್ತಾಯಿತು. ನನ್ನ ಬಲಕ್ಕೆ ಹನ್ನೊಂದು ತಿರುವುಗಳ ಹೊಸ ಡಾಂಬರು ರಸ್ತೆ ಬಿದ್ದುಕೊಂಡಿತ್ತು. ವಾರವಿಡೀ ತರಗತಿಯಲ್ಲಿ ಕುಳಿತು ಆ ತಿರುವುಗಳನ್ನೇ ಲೆಕ್ಕ ಹಾಕಿದ್ದವಳು ನಾನು. ಮುಂದಿದ್ದವರೆಲ್ಲ ಈಗ ಅಲ್ಲಿ ಎಡಕ್ಕೆ ಬಲಕ್ಕೆ ವಾಲುತ್ತಿದ್ದಾರೆ, ನಾನು ಮಾತ್ರ ಇಲ್ಲಿ ಕೈಕಂಬದ ಹಾಗೆ ನಿಂತಿದ್ದೇನೆ ಎಂದು ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಕಾಲು ಗಂಟೆಯಾದ ಮೇಲೆ ಕನ್ನಡಿಯ ಮಂಜಿನಲ್ಲಿ ಆ ಕಿತ್ತಳೆ ಚುಕ್ಕೆ ಮೂಡಿತು. ದೊಡ್ಡದಾಯಿತು, ಜಾಕೆಟ್ಟಾಯಿತು, ನನ್ನ ಪಕ್ಕದಲ್ಲೇ ಹಾದು ಬಲಕ್ಕೆ ತಿರುಗಿತು. ನಾನು ಗಾಡಿ ಏರಿ ಹಿಂದೆಯೇ ಹೊರಟೆ. ಮೂರನೆಯ ತಿರುವಿನಲ್ಲಿ ಅದನ್ನು ಹಿಂದೆ ಹಾಕಿದೆ. ಉಳಿದ ಎಂಟು ತಿರುವು! ಅವುಗಳ ಖುಷಿಯನ್ನು ನಾನು ಸುಳ್ಳು ಹೇಳಿ ಮುಚ್ಚಿಡುವುದಿಲ್ಲ. ಹೆಲ್ಮೆಟ್ಟಿನೊಳಗೆ ಜೋರಾಗಿ ಹಾಡಿಕೊಂಡು ಹೋದೆ.

ಗುಡ್ಡದ ನೆತ್ತಿಯ ಟೀ ಅಂಗಡಿಯ ಮುಂದೆ ಎಲ್ಲರೂ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಕಿತ್ತಳೆ ಜಾಕೆಟ್ಟೂ ಬಂತು. ಗಾಡಿ ನಿಂತಿತು, ಹೆಲ್ಮೆಟ್ ಕಳಚಿತು. ಒಳಗಿದ್ದದ್ದು ಶ್ರೇಯಾಂಸಣ್ಣನ ಮುಖ.

"ಹೊನ್ನಪ್ಪಣ್ಣ ಎಲ್ಲಿ?" ತಾರಕ್ಕ ಕೇಳಿದರು.

"ಹಿಂದೆ ಬರ್ತಿದಾರೆ ಮೇಡಂ. ನಾನು ಚಳೀಲಿ ನಡುಗ್ತಿದ್ದೆ, ತಾವೇ ಬಿಚ್ಚಿ ಹಾಕಿದ್ರು. ಬ್ಯಾಗಿನ ಹಗ್ಗ ಸಡ್ಲ ಆಗಿದೆ, ಬಿಗಿದು ಬರ್ತೀನಿ, ನೀನು ನಡಿ ಅಂದ್ರು."

ತಾರಕ್ಕ ನನ್ನ ಕಡೆ ತಿರುಗಿದರು. "ನೀನು ಕವಲು ಬಿಟ್ಟು ಬಂದ್ಯಲ್ಲ, ಜಾಕೆಟ್ ಹಾಕ್ಕೊಂಡಿದ್ದೋನು ಕೈ ಎತ್ತಿದ್ನಾ?"

"ಎತ್ತಿದ" ಎಂದೆ.

ಶ್ರೇಯಾಂಸಣ್ಣ ನನ್ನನ್ನು ನೋಡಿದ. "ಹೂಂ, ಎತ್ತಿರ್ಬೇಕು ಬಿಡಿ. ಚಳೀಲಿ ಏನ್ ಮಾಡಿದ್ನೋ ನಂಗೇ ಗೊತ್ತಿಲ್ಲ" ಎಂದ.

ಅವನು ಕೈ ಎತ್ತಿರಲಿಲ್ಲ. ವೇಗವನ್ನೂ ಇಳಿಸಿರಲಿಲ್ಲ. ಅದನ್ನು ನಾನು ನೋಡಿದ್ದೆ. ಮಾವ ಮರೆತರೇನೋ ಎಂದು ಅರೆಕ್ಷಣ ಅನ್ನಿಸಿಯೂ ಇತ್ತು. ದಾಟಿದ ಗಾಡಿಗಳನ್ನು ಬೆರಳು ಮಡಿಸಿ ಎಣಿಸಿದ್ದರೂ ಒಂದು ಕಡಿಮೆಯಿದೆ ಎಂದು ತಿಳಿಯುತ್ತಿತ್ತು. ಎಣಿಸಲಿಲ್ಲ. ನನಗೆ ಹೊರಡಬೇಕಿತ್ತು, ಹೊರಟೆ.

"ಕವಲಲ್ಲಿ ಯಾರೂ ಇಲ್ದಿದ್ರೆ ನೇರ ಹೋಗ್ತಾರೆ" ಎಂದರು ತಾರಕ್ಕ. ಅವರ ದನಿ ಇಳಿದಿತ್ತು.

ಟೀ ಅಂಗಡಿಯವನು ಲೋಟ ಕೆಳಗಿಟ್ಟ. "ಹಳೇ ರಸ್ತೇಲಾ? ಹೋದ ಮಳೆಗಾಲದಲ್ಲಿ ಸೇತುವೆ ಕುಸಿದಿದೆ ಅಕ್ಕಾ. ಅಡ್ಡ ಇಟ್ಟಿದ್ದ ಕಲ್ಲನ್ನೂ ಮರಳು ಲಾರಿಯವರು ಸರಿಸಿಬಿಟ್ಟಿದಾರೆ."

ಆ ಕಣಿವೆಯಲ್ಲಿ ಫೋನು ಸಿಗುತ್ತಿರಲಿಲ್ಲ. ತಾರಕ್ಕ ಉಳಿದವರಿಗೆ ಅಲ್ಲೇ ಇರಲು ಹೇಳಿ ಗಾಡಿ ತಿರುಗಿಸಿದರು. "ನೀನು ಬಾ" ಎಂದರು ನನಗೆ. ಇಳಿಯುವಾಗಿನ ಹನ್ನೊಂದು ತಿರುವುಗಳಲ್ಲಿ ಒಂದೂ ನನಗೆ ನೆನಪಿಲ್ಲ.

ಕವಲಿನಿಂದ ಆಚೆ ಹಳೆಯ ರಸ್ತೆಯ ಕೆಸರಿನಲ್ಲಿ ಒಂದೇ ಒಂದು ಬೈಕಿನ ಗುರುತು. ತಾರಕ್ಕ ಬಗ್ಗಿ ನೋಡಿದರು. "ಹೋಗಿರೋದಿದೆ, ವಾಪಸ್ ಬಂದಿರೋದಿಲ್ಲ." ಮುಂದೆ ಮಂಜಿನೊಳಗೆ ಹಳದಿ ದೀಪವೊಂದು ಮಿಣುಕುತ್ತಿತ್ತು. ಮಾವನ ಗಾಡಿಯ ಇಂಡಿಕೇಟರು. ಹಿಂದೆ ಬರುವ ಯಾರೂ ಬೀಳಬಾರದೆಂದು ಗಾಡಿಯನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿದ್ದರು. ಅದರಾಚೆ ಹತ್ತು ಹೆಜ್ಜೆಗೆ ಸೇತುವೆ ಮುಗಿದಿತ್ತು. ಕಬ್ಬಿಣದ ಸರಳುಗಳು ಗಾಳಿಯಲ್ಲಿ ಚಾಚಿಕೊಂಡಿದ್ದವು.

ಮಾವ ಅಲ್ಲಿರಲಿಲ್ಲ.

ಆಗ ಕೆಳಗಿನಿಂದ ಕೂಗು ಕೇಳಿತು. ಅವರದೇ ದನಿ. ಕೂಗುತ್ತಿದ್ದದ್ದು ಸಹಾಯಕ್ಕಲ್ಲ. ನನ್ನ ಹೆಸರನ್ನು ಕೂಗುತ್ತಿದ್ದರು. ಆಮೇಲೆ "ತಾರಾ!" ಎಂದರು. ಮತ್ತೆ ನನ್ನ ಹೆಸರು.

"ಹಗ್ಗ ತರ್ತೀನಿ, ನಿಲ್ಲು" ಎಂದು ತಾರಕ್ಕ ಗಾಡಿಯತ್ತ ಓಡಿದರು. ನಾನು ನಿಲ್ಲಲಿಲ್ಲ. ಪೊದೆ ಹಿಡಿದು, ಕುಂಡಿಯ ಮೇಲೆ ಜಾರಿಕೊಂಡು ಇಳಿದೆ. ಮಾವ ಮಂಡಿಯುದ್ದದ ನೀರಿನಲ್ಲಿ ನಿಂತು, ಬಂಡೆಗಳ ಸಂದಿಗೆ ಕೈಹಾಕಿ ತಡಕುತ್ತಿದ್ದರು. ಅಂಗಿ ಎದೆಯವರೆಗೆ ಒದ್ದೆ. ಸವೆದ ಮಂಡಿಯ ಆ ಮನುಷ್ಯ ಆ ದಿಬ್ಬವನ್ನು ಹೇಗೆ ಇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

"ಮಾವ!"

ತಿರುಗಿದರು. ಗುರುತು ಸಿಗದವರ ಹಾಗೆ ನನ್ನನ್ನೇ ನೋಡಿದರು.

"ಗಾಡಿ ಎಲ್ಲಿ ಬಿತ್ತು?" ಎಂದರು.

"ಬಿದ್ದಿಲ್ಲ ಮಾವ. ಮೇಲಿದೆ."

"ತಾರಾ?"

"ಅವ್ರೂ ಮೇಲಿದಾರೆ. ಎಲ್ರೂ ಚೆನ್ನಾಗಿದೀವಿ. ಟೀ ಅಂಗಡೀಲಿದ್ವಿ."

ಅವರು ಬ್ಯಾಂಕಿನವರ ಹೆಸರು, ಬೇಕರಿಯವರ ಹೆಸರು, ಶ್ರೇಯಾಂಸನ ಹೆಸರು ಒಂದೊಂದಾಗಿ ಕೇಳಿದರು. ಒಂದೊಂದಕ್ಕೂ ನಾನು ಹೂಂ ಎಂದೆ. ಆಮೇಲೆ ಬಂಡೆಯ ಮೇಲೆ ಕುಸಿದು ಕುಳಿತರು.

"ಕವಲಲ್ಲಿ ನೀನಿರ್ಲಿಲ್ಲ. ಹಂಗಾದ್ರೆ ನೇರ ಹೋಗಿದೀರಿ ಅಂದ್ಕೊಂಡೆ. ಇಲ್ಲಿ ಬಂದು ನೋಡಿದ್ರೆ ಸೇತುವೇನೇ ಇಲ್ಲ. ಮಂಜು ಬೇರೆ. ಮುಂದಿದ್ದೋರು ಬಿದ್ದು, ಉಳಿದೋರು ಎತ್ತೋಕೆ ಇಳಿದಿರ್ಬೇಕು ಅಂತ..." ಉಸಿರು ಎಳೆದುಕೊಂಡರು. "ಕೂಗಿದ್ರೆ ಯಾರೂ ಓಗೊಡಲಿಲ್ಲ."

"ನಾನೇ ಕವಲು ಬಿಟ್ಟು ಹೋಗಿರ್ಬಹುದು ಅಂತ ಅನ್ನಿಸ್ಲಿಲ್ವಾ ಮಾವ?"

"ನೀನು ಬಿಟ್ಟು ಹೋಗ್ತೀಯ ಅಂತ ನಂಗೆ ಹೊಳೀಲೇ ಇಲ್ಲ ಮಗಾ."

ಜಾಕೆಟ್ಟಿನ ಕಥೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಮಂಜು, ಒಂದೇ ಬಣ್ಣ, ಹೊಸಬ. ಅಷ್ಟು ಸಾಕಾಗುತ್ತಿತ್ತು. ಆದರೆ ಆ ಮನುಷ್ಯನ ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು.

"ಜಾಕೆಟ್ ಬಂತು. ಕೈ ಎತ್ತಲಿಲ್ಲ. ಅದನ್ನ ನೋಡಿದೆ ಮಾವ. ನೋಡಿಯೂ ಹೊರಟೆ. ತಿರುವುಗಳ ಆಸೆಗೆ."

ಮಾವ ಬೂಟು ಕಳಚಿ ನೀರು ಚೆಲ್ಲಿದರು. ಇನ್ನೊಂದನ್ನೂ ಚೆಲ್ಲಿದರು. "ತಾರಾಗೆ ಹೇಳಿದ್ಯಾ?"

"ಕೈ ಎತ್ತಿದ ಅಂತ ಹೇಳಿದೀನಿ."

"ಮೇಲೆ ಹೋದ ತಕ್ಷಣ ಹೇಳು. ನಾನು ಹೇಳಲ್ಲ."

ಹಗ್ಗ ಬಂತು. ನಾನು ಹಿಂದಿನಿಂದ ತಳ್ಳಿದೆ, ತಾರಕ್ಕ ಮೇಲಿನಿಂದ ಎಳೆದರು. ಮಾವ ಒಂದು ಕೈಯಿಂದಲೇ ಹಗ್ಗ ಹಿಡಿದು ಹತ್ತಿದರು. ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರು. ರಸ್ತೆಗೆ ಬಂದವಳೇ ನಾನು ತಾರಕ್ಕನಿಗೆ ಎಲ್ಲ ಹೇಳಿದೆ. ಹೇಳುವಾಗ ಅಳಲಿಲ್ಲ, ಅವರ ಮುಖವನ್ನೇ ನೋಡಿಕೊಂಡು ಹೇಳಿದೆ. ತಾರಕ್ಕ ಹಗ್ಗ ಸುತ್ತುತ್ತ ಕೇಳಿಸಿಕೊಂಡರು.

"ಕೈ ಎತ್ತಬೇಕು ಅನ್ನೋದನ್ನ ಆ ಶ್ರೇಯಾಂಸನಿಗೆ ನಾನು ಹೇಳೇ ಇರ್ಲಿಲ್ಲ" ಎಂದರು ಕೊನೆಗೆ. "ಹಂಗಿದ್ಮೇಲೆ ಅವನು ಹೆಂಗೆ ಎತ್ತಿದ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ. ಅದು ನನ್ನ ತಪ್ಪು, ನಾನು ನೋಡ್ಕೋತೀನಿ. ನಿಂದು ನೀನು ನೋಡ್ಕೋ. ಮುಂದಿನ ಮೂರು ಸಲ ನೀನು ಗಾಡಿ ತರೋ ಹಾಗಿಲ್ಲ. ನನ್ನ ಹಿಂದೆ ಕೂತ್ಕೊಂಡು ಬಾ."

"ಆಯ್ತು" ಎಂದೆ. ಹಾಗೆಯೇ ಕುಳಿತು ಹೋದೆ, ಮೂರು ಸಲವೂ.

ಹೊರಡುವ ಮೊದಲು ಹೊನ್ನಪ್ಪ ಮಾವ ಬರಿಗಾಲಿನಲ್ಲೇ ನನ್ನ ಗಾಡಿಯ ಹಿಂದೆ ಹೋಗಿ ಕುಕ್ಕರಿಸಿದರು. ಆಗ ಮುಷ್ಟಿ ಬಿಚ್ಚಿದರು. ಒಳಗೆ ಬೆರಳುದ್ದದ ಕೆಂಪು ಪ್ಲಾಸ್ಟಿಕ್ ಚೂರು ಇತ್ತು. ಯಾವ ಕಾಲದಲ್ಲಿ ಯಾವ ಗಾಡಿಯಿಂದ ಒಡೆದುಬಿದ್ದ ಹಿಂದೀಪವೋ, ಹೊಳೆಯ ಕಲ್ಲುಗಳ ನಡುವೆ ಅವರ ಕೈಗೆ ಸಿಕ್ಕಿತ್ತು. ಅದನ್ನು ಅಷ್ಟು ಹೊತ್ತೂ ಬಿಟ್ಟಿರಲಿಲ್ಲ. ಅದರ ಅಂಚು ಅಂಗೈಯಲ್ಲಿ ಆಳವಾಗಿ ಅಚ್ಚೊತ್ತಿತ್ತು.

ಒದ್ದೆ ಹೆಬ್ಬೆರಳಿನಿಂದ ನನ್ನ ಗಾಡಿಯ ಹಿಂದೀಪದ ಕೆಸರು ಒರೆಸಿದರು. ಆ ಮೂಲೆ, ಈ ಮೂಲೆ, ಎಲ್ಲ ಸವರಿ ನೋಡಿದರು. ಎಲ್ಲೂ ಒಡೆದಿರಲಿಲ್ಲ.

"ಬ್ರೇಕ್ ಒತ್ತು" ಎಂದರು.

ಒತ್ತಿದೆ. ಮಂಜಿನಲ್ಲಿ ಕೆಂಪು ಬೆಳಕು ಹೊತ್ತಿ ಅವರ ಒದ್ದೆ ಮುಖದ ಮೇಲೆ, ಬಿಚ್ಚಿದ ಅಂಗೈಯ ಮೇಲೆ ಬಿತ್ತು. ಅವರು ಏಳಲಿಲ್ಲ.

"ಇನ್ನೊಂದ್ಸಲ" ಎಂದರು.

ನಾನು ಇನ್ನೊಂದು ಸಲ ಒತ್ತಿ, ಹಾಗೆಯೇ ಹಿಡಿದುಕೊಂಡೆ.